ಗ್ರೀಸ್ ಇಲ್ಲದೆ, ಮುಟ್ಟದೆ ಸರಿಸಬೇಕು: ಸೂಪರ್‌ಕಂಡಕ್ಟರ್ ಮೇಲೆ ತೇಲುವ ಕ್ಯಾರೇಜ್ ನಮ್ಮ ಲೈನಿಗೆ ಆಗುತ್ತಾ?

ಬೊಮ್ಮಸಂದ್ರ ಮೇಂಟೆನೆನ್ಸ್ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಇಂಜೆಕ್ಷನ್ ಔಷಧಿಯ ವಯಲ್ (ಚಿಕ್ಕ ಸೀಸೆ) ತುಂಬುವ ಲೈನಿನ ಮೇಂಟೆನೆನ್ಸ್ ನೋಡಿಕೊಳ್ಳುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಐಸೊಲೇಟರ್ (ಹೊರಗಿನ ಗಾಳಿ ಸೇರದಂತೆ ಮುಚ್ಚಿದ ಶುದ್ಧ ಪೆಟ್ಟಿಗೆ) ಒಳಗೆ ಒಂದು ಚಿಕ್ಕ ಲೀನಿಯರ್ ಗೈಡ್ (ನೇರ ಸಾಲಿನಲ್ಲಿ ಜಾರುವ ಹಳಿ) ಇದೆ. ಉದ್ದ ಬರೀ 600 ಮಿಲಿಮೀಟರ್. ತುಂಬಿದ ವಯಲನ್ನು ಬಿರಡೆ ಹಾಕುವ ಜಾಗಕ್ಕೆ ಒಯ್ಯುವುದಷ್ಟೇ ಅದರ ಕೆಲಸ. ಗೈಡಿಗೆ ಗ್ರೀಸ್ ಬೇಕು. ಗ್ರೀಸ್ ಹೊರಗೆ ಬರಬಾರದು ಅಂತ ಮೇಲೆ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯ ಹೊದಿಕೆ) ಇದೆ. ಬ್ಯಾಚ್ ಶುರುವಾಗುವ ಮುಂಚೆ ಕ್ರಿಮಿ ಕೊಲ್ಲಲು ಒಳಗೆ ಹೈಡ್ರೋಜನ್ ಪೆರಾಕ್ಸೈಡ್ ಆವಿ ಬಿಡುತ್ತೇವೆ. ಆ ಆವಿಗೆ ರಬ್ಬರು ಗಡುಸಾಗುತ್ತಾ ಬರುತ್ತದೆ.

ಕಳೆದ ತಿಂಗಳು ಬೆಲ್ಲೋಸಿನ ಒಂದು ಮಡಿಕೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ನಮಗೆ ಗೊತ್ತಾಗಿದ್ದು ಇನ್ಸ್‌ಪೆಕ್ಷನ್ ಟೇಬಲ್ಲಿನಲ್ಲಿ. ಬೆಳಕಿನ ಮುಂದೆ ವಯಲ್ ತಿರುಗಿಸಿದರೆ ಒಳಗೆ ಒಂದು ಕಪ್ಪು ಚುಕ್ಕೆ ನಿಧಾನಕ್ಕೆ ಸುತ್ತುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುತ್ತಿತ್ತು. ಅಷ್ಟಕ್ಕೇ ಇಡೀ ಬ್ಯಾಚ್ ಹೋಲ್ಡ್ ಆಯಿತು. ಆಗಲೇಬೇಕಿತ್ತು, ಅದು ಯಾರದೋ ರಕ್ತಕ್ಕೆ ಹೋಗುವ ಔಷಧಿ.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಮುಟ್ಟುವುದೇ ಬೇಡ ಅಂದರೆ ಏನು ಮಾಡಬಹುದು? ಜರ್ಮನಿಯ ಫೆಸ್ಟೋ ಕಂಪನಿಯವರು ಹ್ಯಾನೋವರ್ ಮೇಳದಲ್ಲಿ ತೋರಿಸಿದ ಸುಪ್ರಾಮೋಷನ್ ವಿಡಿಯೊಗಳನ್ನು ನೋಡಿದೆ. ಸೂಪರ್‌ಕಂಡಕ್ಟರ್ (ಬಹಳ ತಣಿಸಿದಾಗ ಕರೆಂಟಿಗೆ ತಡೆಯೇ ಒಡ್ಡದ ವಸ್ತು) ಮೇಲೆ ಮ್ಯಾಗ್ನೆಟ್ ಕೂತ ತಟ್ಟೆ ತೇಲುತ್ತದೆ. ನಡುವೆ ಗೋಡೆ ಇದ್ದರೂ ಹಿಡಿತ ಬಿಡುವುದಿಲ್ಲ. ಇದನ್ನು ನಮ್ಮ 600 ಮಿಲಿಮೀಟರಿಗೆ ತರಲು ಆಗುತ್ತಾ? ಕೆಲಸ ಮಾಡಿ ಗೊತ್ತಿರುವವರು ಹೇಳಿ.

ಲ್ಯಾಡರ್ ಲಾಜಿಕ್ · ಸೋಮವಾರ, ರಾತ್ರಿ 11:15

ಸರ್, ನಾನು ಪಿಎಲ್‌ಸಿ (ಯಂತ್ರ ನಡೆಸುವ ಕಂಪ್ಯೂಟರ್) ಮತ್ತು ಮೋಷನ್ ಪ್ರೋಗ್ರಾಮ್ ಮಾಡುವವಳು, ವೈಟ್‌ಫೀಲ್ಡ್ ಕಡೆ. ನಿಮ್ಮ ಕಷ್ಟ ಅರ್ಥವಾಯಿತು. ಆದರೆ ಸೂಪರ್‌ಕಂಡಕ್ಟರಿಗೆ ಹೋಗುವ ಮುಂಚೆ ಪ್ಲೇನಾರ್ ಮೋಟರ್ ನೋಡಿದಿರಾ? ಬೆಕಾಫ್ ಅವರ ಎಕ್ಸ್‌ಪ್ಲೇನಾರ್, ಬಿ ಅಂಡ್ ಆರ್ ಅವರ ಅಕೋಪೋಸ್ 6ಡಿ. ಟೈಲ್ ಒಳಗೆ ಕಾಯಿಲ್‌ಗಳು, ಮೇಲೆ ಮ್ಯಾಗ್ನೆಟ್ ಇರುವ ಮೂವರ್. ಅದೂ ತೇಲುತ್ತದೆ, ಅದಕ್ಕೂ ಗ್ರೀಸ್ ಬೇಡ. ಸೆಕೆಂಡಿಗೆ 2 ಮೀಟರ್ ತನಕ ಓಡುತ್ತದೆ. ತಣ್ಣಗಿಡುವ ತಲೆನೋವಿಲ್ಲ. ಕ್ಯಾಟಲಾಗಿನಲ್ಲೇ ಸಿಗುತ್ತದೆ.

ಪೀಣ್ಯ ಟೂಲ್‌ರೂಮ್ · ಮಂಗಳವಾರ, ಬೆಳಿಗ್ಗೆ 6:50

ತಮ್ಮಾ, ನಾನು 31 ವರ್ಷದಿಂದ ಫಿಕ್ಸ್ಚರ್, ಜಿಗ್ ಮಾಡಿಕೊಂಡು ಬಂದವನು. ನನಗೆ ಒಂದು ಪ್ರಶ್ನೆ. ಗೋಡೆಯ ಆಚೆಯಿಂದ ಎಳೆಯಲು ಎರಡೂ ಕಡೆ ಮ್ಯಾಗ್ನೆಟ್ ಇಟ್ಟರೆ ಸಾಕಲ್ಲ? ಕೆಮಿಕಲ್ ಪಂಪಿಗೆ ಮ್ಯಾಗ್ನೆಟಿಕ್ ಕಪ್ಲಿಂಗ್ ಹಾಕುತ್ತೇವೆ, ಸೀಲೇ ಬೇಡ. ಅದಕ್ಕೆ ಇಷ್ಟು ದೊಡ್ಡ ಹೆಸರಿನ ವಸ್ತು ಯಾಕೆ ಬೇಕು?

ಕ್ರಯೋ ಟೆಕ್ನಿಷಿಯನ್ · ಮಂಗಳವಾರ, ಮಧ್ಯಾಹ್ನ 1:30

ಟೂಲ್‌ರೂಮ್ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಮಿಕ್ಕಿದ್ದೆಲ್ಲ ತಾನಾಗಿ ತಿಳಿಯುತ್ತದೆ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನಾನು ನಗರದ ಒಂದು ಲ್ಯಾಬಿನಲ್ಲಿ ಲಿಕ್ವಿಡ್ ನೈಟ್ರೋಜನ್, ಕ್ರಯೋಸ್ಟಾಟ್ (ವಸ್ತುವನ್ನು ಬಹಳ ತಣ್ಣಗಿಡುವ ಪಾತ್ರೆ) ಕೆಲಸ ಮಾಡುವವನು.

ಎರಡು ಮ್ಯಾಗ್ನೆಟ್ ಇಟ್ಟರೆ ಒಂದೋ ಎಳೆಯುತ್ತವೆ, ಇಲ್ಲವೋ ತಳ್ಳುತ್ತವೆ. ಎಳೆದರೆ ಗೋಡೆಗೆ ಅಂಟಿಕೊಂಡು ಉಜ್ಜುತ್ತವೆ. ತಳ್ಳಿದರೆ ಪಕ್ಕಕ್ಕೆ ಜಾರಿ ಮಗುಚಿಕೊಳ್ಳುತ್ತವೆ. ಪಂಪಿನ ಕಪ್ಲಿಂಗ್ ನಿಲ್ಲುವುದು ಒಳಗೆ ಬೇರಿಂಗ್ ಇರುವುದರಿಂದ. ಬರೀ ಕಾಯಂ ಮ್ಯಾಗ್ನೆಟ್‌ಗಳನ್ನು ಹೇಗೇ ಜೋಡಿಸಿದರೂ ಒಂದು ವಸ್ತು ಗಾಳಿಯಲ್ಲಿ ತಾನಾಗಿ ಸ್ಥಿರವಾಗಿ ನಿಲ್ಲುವುದಿಲ್ಲ. ಇದನ್ನು ಅರ್ನ್‌ಶಾ ಎಂಬಾತ 1842ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾನೆ. ಮೇಡಂ ಹೇಳಿದ ಪ್ಲೇನಾರ್ ಮೋಟರ್ ಈ ಕಟ್ಟನ್ನು ದಾಟುವುದು ಸೆನ್ಸರ್ ಇಟ್ಟು, ಕಾಯಿಲಿನ ಕರೆಂಟನ್ನು ಕ್ಷಣಕ್ಷಣಕ್ಕೂ ತಿದ್ದಿಕೊಂಡು. ಕರೆಂಟ್ ಹೋದರೆ ಮೂವರ್ ಟೈಲ್ ಮೇಲೆ ಇಳಿದು ಕೂರುತ್ತದೆ.

ಸೂಪರ್‌ಕಂಡಕ್ಟರ್ ಬೇರೆ ಥರ. ಇಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ಕಪ್ಪು ಪಿಂಗಾಣಿಯಂಥ ಬಿಲ್ಲೆ ಅದು. ವೈಬಿಸಿಒ ಅಂತ ಕರೆಯುತ್ತಾರೆ. ಸುಮಾರು 92 ಕೆಲ್ವಿನ್‌ಗಿಂತ ಕೆಳಗೆ ಅದು ಸೂಪರ್‌ಕಂಡಕ್ಟರ್ ಆಗುತ್ತದೆ. ಲಿಕ್ವಿಡ್ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 196 ಡಿಗ್ರಿಯಲ್ಲಿ. ಹಾಗಾಗಿ ಸುಲಭ. ಬಿಲ್ಲೆ ಬೆಚ್ಚಗಿರುವಾಗಲೇ ಮ್ಯಾಗ್ನೆಟನ್ನು ನಿಮಗೆ ಬೇಕಾದ ಎತ್ತರದಲ್ಲಿ ಹಿಡಿದು, ಆಮೇಲೆ ತಣಿಸಿ. ಮ್ಯಾಗ್ನೆಟಿನ ಬಲರೇಖೆಗಳು ಬಿಲ್ಲೆಯ ಒಳಗೆ ಎಳೆ ಎಳೆಯಾಗಿ ಸಿಕ್ಕಿಕೊಳ್ಳುತ್ತವೆ. ಬಟ್ಟೆಗೆ ಮುಳ್ಳು ಸಿಕ್ಕಿದ ಹಾಗೆ. ಆಮೇಲೆ ಮ್ಯಾಗ್ನೆಟನ್ನು ಒತ್ತಿದರೆ ವಾಪಸ್ ತಳ್ಳುತ್ತದೆ, ಎತ್ತಿದರೆ ವಾಪಸ್ ಎಳೆಯುತ್ತದೆ, ಪಕ್ಕಕ್ಕೆ ಸರಿಸಿದರೆ ಜಾಗಕ್ಕೆ ಕರೆಯುತ್ತದೆ. ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಸೆನ್ಸರ್ ಬೇಡ, ಪ್ರೋಗ್ರಾಮ್ ಬೇಡ, ಬೇರಿಂಗ್ ಬೇಡ. ಮಾಮೂಲಿ ಮ್ಯಾಗ್ನೆಟಿಕ್ ಕಪ್ಲಿಂಗಿಗೆ ಇಲ್ಲದ ಗುಣ ಇದು: ದೂರ ಇಟ್ಟೂ ಹಿಡಿದುಕೊಳ್ಳುವುದು.

ಫೈನಲ್ ಇಯರ್ ಮೆಕ್ಯಾನಿಕಲ್ · ಮಂಗಳವಾರ, ಮಧ್ಯಾಹ್ನ 2:05

ಸರ್, ನಾವು ಓದಿದ್ದು ಮೈಸ್ನರ್ ಎಫೆಕ್ಟ್ ಅಂತ. ಸೂಪರ್‌ಕಂಡಕ್ಟರ್ ಬಲರೇಖೆಗಳನ್ನು ಹೊರಗೆ ಹಾಕುತ್ತದೆ, ಅದಕ್ಕೇ ತೇಲುತ್ತದೆ ಅಂತ ಪರೀಕ್ಷೆಯಲ್ಲಿ ಬರೆದಿದ್ದೇನೆ. ನೀವು ಒಳಗೆ ಸಿಕ್ಕಿಕೊಳ್ಳುತ್ತದೆ ಅನ್ನುತ್ತಿದ್ದೀರಿ. ಯಾವುದು ಸರಿ?

ಕ್ರಯೋ ಟೆಕ್ನಿಷಿಯನ್ · ಮಂಗಳವಾರ, ಸಂಜೆ 7:20

ಎರಡೂ ಇವೆ. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಕಂಡದ್ದು ಹೊರಗೆ ಹಾಕುವುದು. ಸೀಸ, ತವರದಂಥ ಮೊದಲನೇ ಬಗೆಯವು ಹಾಗೆ ಮಾಡುತ್ತವೆ. ವೈಬಿಸಿಒ ಎರಡನೇ ಬಗೆ. ಕ್ಷೇತ್ರ ಸ್ವಲ್ಪ ಜಾಸ್ತಿಯಾದರೆ ಬಲರೇಖೆಗಳು ಸಣ್ಣ ಸಣ್ಣ ಸುಳಿಗಳಾಗಿ ಒಳಗೆ ನುಗ್ಗುತ್ತವೆ. ಇದನ್ನು ಅಬ್ರಿಕೊಸೊವ್ 1957ರಲ್ಲಿ ವಿವರಿಸಿದರು, ಆ ಕೆಲಸಕ್ಕೆ 2003ರಲ್ಲಿ ನೊಬೆಲ್ ಬಂತು. ಬಿಲ್ಲೆಯ ಒಳಗಿನ ದೋಷಗಳು ಆ ಸುಳಿಗಳನ್ನು ಹಿಡಿದು ನಿಲ್ಲಿಸುತ್ತವೆ. ಆದ್ದರಿಂದ ಇಲ್ಲಿ ದೋಷಗಳೇ ಬೇಕು. ಬಿಲ್ಲೆ ಬೆಳೆಸುವಾಗ ಬೇಕಂತಲೇ ಬೇರೆ ಪುಡಿ ಬೆರೆಸಿ ದೋಷ ಹುಟ್ಟಿಸುತ್ತಾರೆ. ಬರೀ ಹೊರಗೆ ಹಾಕುವುದಷ್ಟೇ ಆಗಿದ್ದರೆ ತಲೆಕೆಳಗಾಗಿ ನೇತಾಡುವುದು ಸಾಧ್ಯವೇ ಇರಲಿಲ್ಲ.

ಇನ್ನೊಂದು ವಿಷಯ. ಈ ವಸ್ತು 1987ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಅದೇ ವರ್ಷ ನಮ್ಮ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಇದೇ ವಸ್ತುವಿನ ಹಿಂದೆ ಬಿದ್ದಿತ್ತು. ಅಂದರೆ ಬೆಂಗಳೂರಿಗೆ ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ.

ಹೆಸರಘಟ್ಟದವನು · ಮಂಗಳವಾರ, ರಾತ್ರಿ 9:10

ನಾನು ಎಂಜಿನಿಯರ್ ಅಲ್ಲ, ಹಸು ಸಾಕಿದ್ದೇನೆ. ಆದರೆ ಲಿಕ್ವಿಡ್ ನೈಟ್ರೋಜನ್ ಅಂದಾಗ ಬರೆಯೋಣ ಅನ್ನಿಸಿತು. ನಮ್ಮೂರಲ್ಲಿ ಕೇಂದ್ರ ಸರ್ಕಾರದ ವೀರ್ಯ ಸಂಗ್ರಹ ಕೇಂದ್ರ ಇದೆ. ಹೋರಿಯ ವೀರ್ಯವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ ಇದೇ ನೈಟ್ರೋಜನ್‌ನಲ್ಲಿ ಇಡುತ್ತಾರೆ. ಡಾಕ್ಟರು ಬೈಕಿನ ಹಿಂದೆ ಅಲ್ಯೂಮಿನಿಯಂ ಜಾಡಿ ಕಟ್ಟಿಕೊಂಡು ಬರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಕತ್ತಿನಿಂದ ಕೆಳಕ್ಕೆ ಇಳಿಯುತ್ತದೆ. ಅದು ಮಣ್ಣಿನ ರಸ್ತೆಯಲ್ಲಿ ಕುಲುಕಿಕೊಂಡು ಬಂದರೂ ದಿನಗಟ್ಟಲೆ ತಣ್ಣಗಿರುತ್ತದೆ. ಊರ ಹಸುವಿಗೆ ಸಿಗುವ ವಸ್ತು ಫ್ಯಾಕ್ಟರಿಗೆ ಕಷ್ಟ ಯಾಕಾಗಬೇಕು ಅಂತ ನನ್ನ ಅನಿಸಿಕೆ.

ಬೊಮ್ಮಸಂದ್ರ ಮೇಂಟೆನೆನ್ಸ್ · ಮಂಗಳವಾರ, ರಾತ್ರಿ 10:30

ಹೆಸರಘಟ್ಟದವರೇ, ನಿಮ್ಮ ಮಾತಿನಿಂದ ಧೈರ್ಯ ಬಂತು. ನಮ್ಮ ಅಜ್ಜಿ ಮನೆಯಲ್ಲೂ ಆ ಜಾಡಿ ನೋಡಿದ್ದೆ, ಮರೆತೇ ಹೋಗಿತ್ತು.

ಲ್ಯಾಡರ್ ಲಾಜಿಕ್ ಮೇಡಂ, ಪ್ಲೇನಾರ್ ಮೋಟರ್ ನಾನೂ ನೋಡಿದೆ. ಹೊಸ ಲೈನ್ ಹಾಕುವುದಾದರೆ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಿದ್ದೆ. ನನ್ನ ತೊಂದರೆ ಇಷ್ಟೇ. ಐಸೊಲೇಟರಿನ ತಳ 3 ಮಿಲಿಮೀಟರ್ ದಪ್ಪದ 316ಎಲ್ ಸ್ಟೀಲ್ ಶೀಟು. ಅಕೋಪೋಸ್ ತೇಲುವುದು ಅರ್ಧದಿಂದ 4 ಮಿಲಿಮೀಟರ್ ಎತ್ತರದಲ್ಲಿ. ಶೀಟಿನ ಕೆಳಗೆ ಟೈಲ್ ಇಟ್ಟರೆ ಮೇಲೆ ಉಳಿಯುವುದು 1 ಮಿಲಿಮೀಟರ್. ತಳ ಕತ್ತರಿಸಿ ಟೈಲ್ ಕೂರಿಸಿದರೆ ಇಡೀ ಐಸೊಲೇಟರ್ ಮತ್ತೆ ವ್ಯಾಲಿಡೇಶನ್ (ಪರೀಕ್ಷಿಸಿ ದಾಖಲೆ ಸಮೇತ ಒಪ್ಪಿಗೆ ಪಡೆಯುವುದು) ಆಗಬೇಕು. ನನಗೆ ತಳ ಮುಟ್ಟದೆ ಕೆಲಸ ಆಗಬೇಕು.

ಕ್ರಯೋ ಸರ್, ಸೂಪರ್‌ಕಂಡಕ್ಟರ್ ಎಷ್ಟು ದೂರ ಹಿಡಿಯುತ್ತದೆ? ಎಷ್ಟು ತೂಕ ಹೊರುತ್ತದೆ?

ಕ್ರಯೋ ಟೆಕ್ನಿಷಿಯನ್ · ಬುಧವಾರ, ರಾತ್ರಿ 8:45

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ವಿಡಿಯೊ ನೋಡಿ ಮಾರುಹೋಗುವವರು ಎಡವುವ ಜಾಗ ಇದು.

ಒಳ್ಳೆಯ ವೈಬಿಸಿಒ ಬಿಲ್ಲೆ, ಒಳ್ಳೆಯ ನಿಯೋಡಿಮಿಯಂ ಮ್ಯಾಗ್ನೆಟ್, 77 ಕೆಲ್ವಿನ್. ಎರಡೂ ಮುಟ್ಟುವಷ್ಟು ಹತ್ತಿರ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 10 ನ್ಯೂಟನ್, ಅಂದರೆ ಸರಿಸುಮಾರು 1 ಕಿಲೋ ಹೊರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ದೂರ ಹೋದಂತೆ ಬಲ ಬಹಳ ಬೇಗ ಇಳಿಯುತ್ತದೆ. ಉತ್ತರ, ದಕ್ಷಿಣ ಧ್ರುವಗಳನ್ನು ಸಾಲಾಗಿ ಜೋಡಿಸಿದ್ದೀರಿ, ಒಂದು ಉತ್ತರದಿಂದ ಮುಂದಿನ ಉತ್ತರಕ್ಕೆ 40 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಪ್ರತಿ 3 ಮಿಲಿಮೀಟರಿಗೂ ಬಲ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಧ್ರುವಗಳನ್ನು ಅಗಲ ಮಾಡಿದರೆ ಇಳಿಕೆ ನಿಧಾನವಾಗುತ್ತದೆ, ಆದರೆ ಮ್ಯಾಗ್ನೆಟ್ ದಪ್ಪ ಆಗಬೇಕು, ಕ್ಯಾರೇಜ್ ತೂಕ ಏರುತ್ತದೆ.

ಈಗ ನಿಮ್ಮ ಜಾಗದ ಲೆಕ್ಕ ನೋಡೋಣ. ಬಿಲ್ಲೆಯನ್ನು ತಣ್ಣಗಿಡಲು ಸುತ್ತ ನಿರ್ವಾತ ಬೇಕು. ನಿರ್ವಾತಕ್ಕೆ ಒಂದು ಕಿಟಕಿ ಬೇಕು. ನಿರ್ವಾತದ ಅಂತರ 2 ಮಿಲಿಮೀಟರ್, ಕಿಟಕಿ 2, ನಿಮ್ಮ ಶೀಟು 3, ಕಿಟಕಿ ಶೀಟಿಗೆ ತಗುಲದಿರಲು 1, ಮೇಲೆ ತೇಲಲು 4. ಒಟ್ಟು 12. ಕ್ಯಾರೇಜ್ (ವಯಲ್ ಹೊರುವ ಮ್ಯಾಗ್ನೆಟ್ ತಟ್ಟೆ), ವಯಲ್ ಸೇರಿ ಅರ್ಧ ಕಿಲೋ ಒಳಗಿದ್ದರೆ, ಧ್ರುವಗಳನ್ನು ಅಗಲವಾಗಿಟ್ಟು, ಮೂರು ನಾಲ್ಕು ಬಿಲ್ಲೆ ಸೇರಿಸಿ ಮಾಡಬಹುದು. ನನ್ನ ಅನುಭವದಲ್ಲಿ ಇಲ್ಲಿ ಒಂದೊಂದು ಮಿಲಿಮೀಟರನ್ನೂ ದುಡ್ಡಿನ ಹಾಗೆ ಎಣಿಸಿ ಖರ್ಚು ಮಾಡಬೇಕು.

ಸರಿಸುವ ಕೆಲಸ ಸುಲಭ. ಶೀಟಿನ ಕೆಳಗೆ, ಅಂದರೆ ಐಸೊಲೇಟರಿನ ಹೊರಗೆ, ಕ್ರಯೋಸ್ಟಾಟನ್ನು ಮಾಮೂಲಿ ಸರ್ವೋ ಆಕ್ಸಿಸ್ (ಮೋಟರ್ ಸರಿಸುವ ಹಳಿ) ಮೇಲೆ ಕೂರಿಸಿ. ಅದು ಹೋದ ಕಡೆ ಒಳಗಿನ ಕ್ಯಾರೇಜ್ ಬರುತ್ತದೆ. ಗ್ರೀಸ್, ಬೆಲ್ಲೋಸ್, ಕೇಬಲ್ ಎಲ್ಲ ಹೊರಗೆ ಉಳಿಯುತ್ತವೆ. ಒಳಗೆ ಒಂದು ಮುಚ್ಚಿದ ಡಬ್ಬಿ ಮಾತ್ರ ತೇಲುತ್ತಿರುತ್ತದೆ.

ಪೀಣ್ಯ ಟೂಲ್‌ರೂಮ್ · ಗುರುವಾರ, ಬೆಳಿಗ್ಗೆ 6:40

ಈಗ ಅರ್ಥವಾಯಿತು. ಹಾಗಾದರೆ ನಾನೂ ಎರಡು ಮಾತು ಹೇಳುತ್ತೇನೆ.

ಇದನ್ನು ನಮ್ಮ ಶೆಡ್ಡಿಗೆ ತಂದರೆ ಒಂದು ದಿನ ನಡೆಯುವುದಿಲ್ಲ. ಮಿಲ್ಲಿಂಗ್ ಮೆಷಿನ್ ಪಕ್ಕ ಒಂದು ನಿಯೋಡಿಮಿಯಂ ಮ್ಯಾಗ್ನೆಟ್ ಇಟ್ಟು ಟೀ ಕುಡಿದು ಬಂದರೆ ಅದಕ್ಕೆ ಮುಳ್ಳುಹಂದಿಯ ಹಾಗೆ ಚಿಪ್ಸ್ ಅಂಟಿರುತ್ತದೆ. ಒರೆಸಿದರೂ ಹೋಗುವುದಿಲ್ಲ. ಆದ್ದರಿಂದ ಇದು ಮೆಷಿನ್ ಟೂಲಿಗೆ ಬೇಡ. ನಿಮ್ಮ ಐಸೊಲೇಟರಿನಂಥ ಶುಚಿ ಜಾಗಕ್ಕೇ ಸರಿ.

ಎರಡನೆಯದು ಡಬ್ಬಿ. ನಿಯೋಡಿಮಿಯಂ ಸುಮ್ನೆ ಬಿಟ್ಟರೆ ತುಕ್ಕು ಹಿಡಿದು ಪುಡಿ ಉದುರುತ್ತದೆ. ಪೆರಾಕ್ಸೈಡ್ ಆವಿಗೆ ಇನ್ನೂ ಬೇಗ. 316ಎಲ್ ಡಬ್ಬಿಯಲ್ಲಿ ಹಾಕಿ ಸುತ್ತ ವೆಲ್ಡ್ ಮಾಡಬೇಕು. ಆದರೆ ಸಾಧಾರಣ ಗ್ರೇಡ್ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಟಿಗ್ ವೆಲ್ಡ್ ಹಿಡಿದರೆ ಕೆಟ್ಟೇ ಹೋಗುತ್ತದೆ. ಲೇಸರ್ ವೆಲ್ಡ್ ಮಾಡಿಸಿ, ಡಬ್ಬಿಯನ್ನು ದಪ್ಪ ತಾಮ್ರದ ಬ್ಲಾಕಿನಲ್ಲಿ ಹಿಡಿದು. ಶಾಖ ತಾಮ್ರ ಎಳೆದುಕೊಳ್ಳುತ್ತದೆ. ಇನ್ನು 304 ಎಂಬ ಇನ್ನೊಂದು ಬಗೆಯ ಸ್ಟೀಲ್ ಶೀಟು ಬೇಡವೇ ಬೇಡ. ಅದನ್ನು ಬಗ್ಗಿಸಿದ ಜಾಗದಲ್ಲಿ ಮ್ಯಾಗ್ನೆಟ್ ಹಿಡಿಯಲು ಶುರುವಾಗುತ್ತದೆ. ಒಂದು ಸಲ ಕೈಯಾರೆ ನೋಡಿದ್ದೇನೆ.

ಲ್ಯಾಡರ್ ಲಾಜಿಕ್ · ಗುರುವಾರ, ಮಧ್ಯಾಹ್ನ 1:10

ಮಿಲಿಮೀಟರ್ ಲೆಕ್ಕ ನೋಡಿದ ಮೇಲೆ ನಾನು ಒಪ್ಪಿದೆ, ಈ ಜಾಗಕ್ಕೆ ಪ್ಲೇನಾರ್ ಕೂರುವುದಿಲ್ಲ. ಆದರೆ ಕರೆಂಟ್ ಹೋದರೆ ಏನಾಗುತ್ತದೆ? ಬೆಂಗಳೂರಿನಲ್ಲಿ ಮಳೆ ಬಂದ ಸಂಜೆ ಈ ಪ್ರಶ್ನೆ ಕೇಳದೆ ಯಾವ ಮೆಷಿನ್ನೂ ಹಾಕಬಾರದು. ಡಿಜಿ (ಡೀಸೆಲ್ ಜನರೇಟರ್) ಎತ್ತಿಕೊಳ್ಳುವ ತನಕ ಕ್ಯಾರೇಜ್ ನಿಲ್ಲುತ್ತದಾ?

ಕ್ರಯೋ ಟೆಕ್ನಿಷಿಯನ್ · ಗುರುವಾರ, ರಾತ್ರಿ 9:30

ಮೇಡಂ, ನಾನು ಎಲ್ಲಕ್ಕಿಂತ ಜಾಸ್ತಿ ಕಾಯುತ್ತಿದ್ದ ಪ್ರಶ್ನೆ ಇದು. ತೇಲಿಸುವುದು ದೊಡ್ಡದಲ್ಲ, ಯಾವ ಕಾಲೇಜಿನ ವಸ್ತುಪ್ರದರ್ಶನದಲ್ಲೂ ತೇಲಿಸುತ್ತಾರೆ. ವರ್ಷಪೂರ್ತಿ ತಣ್ಣಗಿಡುವವರು ಯಾರು, ಹೇಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಎರಡು ದಾರಿ. ಒಂದು, ಲಿಕ್ವಿಡ್ ನೈಟ್ರೋಜನ್ ತೊಟ್ಟಿ. ಕ್ರಯೋಸ್ಟಾಟ್ ಒಳಗೆ 10 ವಾಟ್ ಶಾಖ ಸೋರುತ್ತಿದೆ ಅಂತಿಟ್ಟುಕೊಳ್ಳಿ. 1 ಲೀಟರ್ ನೈಟ್ರೋಜನ್ ಆವಿಯಾಗಲು ಸುಮಾರು 160 ಕಿಲೋಜೂಲ್ ಬೇಕು. ಆಗ 1 ಲೀಟರ್ ನಾಲ್ಕೂವರೆ ಗಂಟೆ ಬರುತ್ತದೆ. ದಿನಕ್ಕೆ ಐದೂವರೆ ಲೀಟರ್. ಕರೆಂಟ್ ಹೋದರೂ ಬಂದರೂ ಅದಕ್ಕೆ ಲೆಕ್ಕವೇ ಇಲ್ಲ, ನೈಟ್ರೋಜನ್ ಇರುವ ತನಕ ಹಿಡಿತ ಇರುತ್ತದೆ.

ಇನ್ನೊಂದು, ಸ್ಟರ್ಲಿಂಗ್ ಕೂಲರ್. ಪುಟ್ಟ ಫ್ರಿಡ್ಜ್ ಇದ್ದ ಹಾಗೆ. 77 ಕೆಲ್ವಿನ್‌ನಲ್ಲಿ 1 ವಾಟ್ ಶಾಖ ಎತ್ತಲು 15ರಿಂದ 30 ವಾಟ್ ಕರೆಂಟ್ ತಿನ್ನುತ್ತದೆ. 10 ವಾಟಿಗೆ 200 ಅಂತಿಟ್ಟುಕೊಂಡರೆ ಮೂರು ಹಳೆಯ ಸೀಲಿಂಗ್ ಫ್ಯಾನಿನಷ್ಟು. ಸಿಲಿಂಡರ್ ತರುವ ಕೆಲಸ ಇಲ್ಲ. ಆದರೆ ಕರೆಂಟ್ ಹೋದರೆ ಬಿಸಿ ಏರಲು ಶುರು. ಬಿಲ್ಲೆ 100 ಘನ ಸೆಂಟಿಮೀಟರ್, ಅದು ಕೂತ ತಾಮ್ರದ ತಟ್ಟೆ 1 ಕಿಲೋ ಅಂದುಕೊಂಡರೆ 77ರಿಂದ 88 ಕೆಲ್ವಿನ್ ಮುಟ್ಟಲು ಐದಾರು ನಿಮಿಷ ಸಾಕು. 60 ಕೆಲ್ವಿನ್ ತನಕ ತಣಿಸಿಟ್ಟರೆ ಹನ್ನೆರಡು ನಿಮಿಷ ಸಿಗುತ್ತದೆ, ಹಿಡಿತವೂ ಗಟ್ಟಿಯಾಗುತ್ತದೆ. ಡಿಜಿ ಬರಲು ಅಷ್ಟು ಸಾಕು ಅಲ್ವಾ? ಆದರೂ ಕೂಲರನ್ನು ಯುಪಿಎಸ್ ಮೇಲೆ ಹಾಕಿ.

ಸುರಕ್ಷತೆಯ ಮಾತು, ಇದನ್ನು ಯಾರೂ ಹಗುರವಾಗಿ ತಗೊಳ್ಳಬೇಡಿ. 1 ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ರೂಮಿನಲ್ಲಿ ಅದು ಆಕ್ಸಿಜನ್ನನ್ನು ಹೊರಗೆ ತಳ್ಳುತ್ತದೆ. ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ, ನೇರ ಕುಸಿದು ಬೀಳುತ್ತಾರೆ. ಕ್ಲೀನ್‌ರೂಮ್ ಕೆಳಗಿನ ಸರ್ವಿಸ್ ಜಾಗ ಸಾಮಾನ್ಯವಾಗಿ ಇಕ್ಕಟ್ಟಾಗಿರುತ್ತದೆ. ಆಕ್ಸಿಜನ್ ಮೀಟರ್ ಹಾಕಿಸಿ, 19.5 ಶೇಕಡಕ್ಕೆ ಅಲಾರಂ ಇಡಿ. ಮೀಟರ್ ಇಲ್ಲದೆ ನನ್ನನ್ನು ಕರೆಯಬೇಡಿ, ನಾನು ಬರುವುದಿಲ್ಲ.

ಕ್ಯೂಎ ವಿಭಾಗ · ಶುಕ್ರವಾರ, ಬೆಳಿಗ್ಗೆ 9:05

ನಾನು ಬೇರೆ ಔಷಧಿ ಕಂಪನಿಯ ಕ್ವಾಲಿಟಿಯವಳು. ಈ ತಂತ್ರ ಔಷಧಿ ಕ್ಷೇತ್ರಕ್ಕೆ ಹೊಸದಲ್ಲ ಅಂತ ಹೇಳಲು ಬಂದೆ. ಲೆವ್‌ಟೆಕ್ ಎಂಬ ಅಮೆರಿಕದ ಕಂಪನಿ ಏಕಬಳಕೆ ಚೀಲದ ಒಳಗೆ ದ್ರಾವಣ ಕಲಕುವ ಮಿಕ್ಸರ್ ಮಾಡಿತ್ತು. ಚೀಲದ ತಳದಲ್ಲಿ ರೆಕ್ಕೆ, ಹೊರಗೆ ಸೂಪರ್‌ಕಂಡಕ್ಟರ್. ರೆಕ್ಕೆ ಯಾವುದನ್ನೂ ಮುಟ್ಟದೆ ತೇಲಿಕೊಂಡು ತಿರುಗುತ್ತದೆ. ಉಜ್ಜುವ ಬೇರಿಂಗ್ ಇಲ್ಲ, ಆದ್ದರಿಂದ ಪುಡಿ ಉದುರುವುದಿಲ್ಲ. ಕಾರಣ ನಿಮ್ಮದೇ.

ಮ್ಯಾನೇಜ್‌ಮೆಂಟ್ ಮುಂದೆ ಹೋಗುವಾಗ ಇದನ್ನು ಹೇಳಿ. ತೇಲುವ ತಟ್ಟೆ ಅಂದರೆ ಆಟದ ಸಾಮಾನು ಅಂದುಕೊಳ್ಳುತ್ತಾರೆ. ಕಲಕುವ ಯಂತ್ರ ಅಂದರೆ ಕೇಳುತ್ತಾರೆ.

ಫೈನಲ್ ಇಯರ್ ಮೆಕ್ಯಾನಿಕಲ್ · ಶುಕ್ರವಾರ, ರಾತ್ರಿ 10:00

2023ರಲ್ಲಿ ಕೊರಿಯಾದಿಂದ ಎಲ್‌ಕೆ-99 ಸುದ್ದಿ ಬಂತಲ್ಲ, ತಣಿಸುವುದೇ ಬೇಡ ಅಂತ? ಅದು ಬರುವ ತನಕ ಕಾಯಬಹುದಾ?

ಕ್ರಯೋ ಟೆಕ್ನಿಷಿಯನ್ · ಶುಕ್ರವಾರ, ರಾತ್ರಿ 10:20

ಕಾಯಬೇಡಿ. ಎಲ್‌ಕೆ-99 ಸೂಪರ್‌ಕಂಡಕ್ಟರ್ ಅಲ್ಲ ಅಂತ ಹಲವು ಲ್ಯಾಬ್‌ಗಳು ಕೆಲವೇ ವಾರದಲ್ಲಿ ತೋರಿಸಿದವು. ಇರುವ ವಸ್ತುವಿನಲ್ಲಿ ಕೆಲಸ ಮಾಡೋಣ. ಕಾಯಲೇಬೇಕಾದ್ದು ಬೇರೆ ಇದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಅದರಲ್ಲಿ ಇಟ್ರಿಯಂ ಇದೆ, ಬಿಸಿ ತಡೆಯುವ ಮ್ಯಾಗ್ನೆಟಿಗೆ ಬೇಕಾದ ಡಿಸ್ಪ್ರೋಸಿಯಂ ಕೂಡ ಇದೆ. ಬಿಲ್ಲೆ, ಮ್ಯಾಗ್ನೆಟ್ ಎರಡನ್ನೂ ಮೊದಲೇ ಆರ್ಡರ್ ಹಾಕಿ.

ಬೊಮ್ಮಸಂದ್ರ ಸರ್, ಮುಂದಿನ ಶನಿವಾರ ಬನ್ನಿ. ನನ್ನ ಹತ್ತಿರ ಹಳೆಯ ಬಿಲ್ಲೆಗಳಿವೆ. ಕೈಯಲ್ಲಿ ಹಿಡಿದು ನೋಡಿ.

ಬೊಮ್ಮಸಂದ್ರ ಮೇಂಟೆನೆನ್ಸ್ · ಮುಂದಿನ ಭಾನುವಾರ, ಮಧ್ಯಾಹ್ನ 12:15

ನಿನ್ನೆ ಹೋಗಿ ಬಂದೆ. ರಾತ್ರಿ ನಿದ್ದೆ ಬರಲಿಲ್ಲ, ಈಗ ಕೂತು ಬರೆಯುತ್ತಿದ್ದೇನೆ.

ಥರ್ಮೋಕೋಲ್ ತೊಟ್ಟಿಯಲ್ಲಿ ನಾಲ್ಕು ಕಪ್ಪು ಬಿಲ್ಲೆ. ಮೇಲೆ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆ, ಅದರ ಮೇಲೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮ್ಯಾಗ್ನೆಟ್ ಕ್ಯಾರೇಜ್ ಕೂರಿಸಿದೆವು. ಆಮೇಲೆ ನೈಟ್ರೋಜನ್ ಸುರಿದರು. ಮೊದಲು ಬಿಸಿ ಕಾವಲಿಗೆ ನೀರು ಬಿದ್ದ ಹಾಗೆ ಚುರ್ ಅಂತ ಕುದಿಯಿತು. ಎರಡು ಮೂರು ನಿಮಿಷಕ್ಕೆ ಸದ್ದು ಇಳಿಯಿತು. ಸರ್ ‘ಈಗ ರಟ್ಟು ಎಳೆಯಿರಿ’ ಅಂದರು. ಎಳೆದೆ. ಕ್ಯಾರೇಜ್ ಒಂದು ಚೂರು ಕುಸಿದು ಅಲ್ಲೇ ನಿಂತಿತು. ಕೆಳಗೆ ಪೇಪರ್ ಹಾಯಿಸಿದೆ, ಎಲ್ಲೂ ತಡೆಯಲಿಲ್ಲ. ಬೆರಳಲ್ಲಿ ಒತ್ತಿದರೆ ಗಟ್ಟಿ ರಬ್ಬರಿನ ಹಾಗೆ ವಾಪಸ್ ಒತ್ತುತ್ತದೆ. ಕೈ ತೆಗೆದ ಮೇಲೂ ಆ ಒತ್ತಡ ಬೆರಳ ತುದಿಯಲ್ಲಿ ಉಳಿದ ಹಾಗಿತ್ತು.

ಎರಡು ತೊಂದರೆ ಕಂಡೆವು, ಎರಡಕ್ಕೂ ದಾರಿ ಸಿಕ್ಕಿತು.

ಒಂದು, ಎತ್ತರ ಮೆಲ್ಲಗೆ ಇಳಿಯುತ್ತದೆ. ಬಿಲ್ಲೆಯ ಒಳಗೆ ಸಿಕ್ಕಿದ ಸುಳಿಗಳು ಜಾರುತ್ತವಂತೆ. ಮೊದಲ ಕೆಲವು ನಿಮಿಷದಲ್ಲೇ ಜಾಸ್ತಿ, ಆಮೇಲೆ ಕಮ್ಮಿಯಾಗುತ್ತಾ ಹೋಗುತ್ತದೆ. ತಣಿಸಿದ ತಕ್ಷಣ ಒಂದು ಸಲ ಕೆಲಸದ ತೂಕಕ್ಕಿಂತ ಜಾಸ್ತಿ ಒತ್ತಿ ಬಿಟ್ಟರೆ ಆಮೇಲೆ ಅಷ್ಟು ಕುಸಿಯುವುದಿಲ್ಲ. ಕೂಲರ್ ಇದ್ದರೆ ಇನ್ನೂ ಒಳ್ಳೆಯ ಉಪಾಯ: 80 ಕೆಲ್ವಿನ್‌ನಲ್ಲಿ ಕೂರಿಸಿ, ಆಮೇಲೆ ಇನ್ನೂ ಕೆಲವು ಡಿಗ್ರಿ ಕೆಳಗೆ ಇಳಿಸಬೇಕು. ಸುಳಿಗಳು ಇದ್ದಲ್ಲೇ ಬಿಗಿಯಾಗುತ್ತವೆ.

ಎರಡು, ಅಲುಗಾಟ. ಕ್ಯಾರೇಜ್ ಮೇಲೆ ನೀರು ತುಂಬಿದ ವಯಲ್ ಇಟ್ಟು ತೊಟ್ಟಿಯನ್ನು ಸ್ಲೈಡ್ ಮೇಲೆ ಸರಿಸಿ ನಿಲ್ಲಿಸಿದೆವು. ತೊಟ್ಟಿ ನಿಂತಿತು, ಕ್ಯಾರೇಜ್ ತೂಗುತ್ತಲೇ ಇತ್ತು. ವಯಲಿನ ನೀರಿನ ಮೇಲೆ ಸಣ್ಣ ಅಲೆ. ನಾನು ಎಣಿಸಿದೆ, ಹತ್ತಕ್ಕೆ ಬಂದರೂ ನಿಲ್ಲಲಿಲ್ಲ. ಉಜ್ಜುವುದೇ ಇಲ್ಲ ಅಂದರೆ ಅಲುಗಾಟ ನುಂಗಲು ಯಾರೂ ಇಲ್ಲ ಅಂತ ಆಗ ಅರ್ಥವಾಯಿತು. ಸರ್ ಒಂದು ತಾಮ್ರದ ಹಾಳೆ ತಂದು ಅಕ್ರಿಲಿಕ್ ಮೇಲೆ ಹಾಸಿದರು. ಮ್ಯಾಗ್ನೆಟ್ ಅಲುಗಿದರೆ ತಾಮ್ರದಲ್ಲಿ ಕರೆಂಟ್ ಹುಟ್ಟಿ ತಡೆಯುತ್ತದೆ. ಈ ಸಲ ಮೂರಕ್ಕೇ ನಿಂತಿತು. ಎಳೆಯುವಾಗ ಸ್ವಲ್ಪ ಹಿಂದೆ ಉಳಿಯುತ್ತದೆ, ನಮ್ಮ ವೇಗಕ್ಕೆ ಪರವಾಗಿಲ್ಲ. ತಾಮ್ರ ನಿಲ್ಲಿಸುವ ಜಾಗದಲ್ಲಿ ಮಾತ್ರ ಇಟ್ಟರೆ ಸಾಕು, ಅದೂ ಶೀಟಿನ ಕೆಳಗೆ.

ಲ್ಯಾಡರ್ ಲಾಜಿಕ್ · ಭಾನುವಾರ, ಸಂಜೆ 4:30

ಓದಿ ತುಂಬಾ ಸಂತೋಷವಾಯಿತು ಸರ್. ನಿಲ್ಲುವ ಜಾಗದಲ್ಲಿ ಎಸ್-ಕರ್ವ್ ಪ್ರೊಫೈಲ್ (ವೇಗವನ್ನು ನಯವಾಗಿ ಏರಿಸಿ ಇಳಿಸುವ ಕ್ರಮ) ಹಾಕಿ, ತಾಮ್ರ ಇಲ್ಲದೆಯೂ ಅರ್ಧ ಅಲೆ ಹೋಗುತ್ತದೆ. ಪ್ರೋಗ್ರಾಮ್ ನಾನು ಬರೆದು ಕೊಡುತ್ತೇನೆ. ಬಿಲ್ಲೆಯ ತಟ್ಟೆಗೆ ಎರಡು ಪಿಟಿ-100 (ತಾಪ ಅಳೆಯುವ ಸೆನ್ಸರ್) ಹಾಕಿ, ಒಂದು ಸಾಲದು. 77 ಕೆಲ್ವಿನ್‌ನಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 20 ಓಮ್‌ಗೆ ಇಳಿಯುತ್ತದೆ, ಕಾರ್ಡಿನ ರೇಂಜ್ ಮೈನಸ್ 200 ತನಕ ಇದೆಯಾ ನೋಡಿಕೊಳ್ಳಿ. 82 ಕೆಲ್ವಿನ್ ದಾಟಿದರೆ ಹೊಸ ವಯಲ್ ತಗೊಳ್ಳಬಾರದು. 85 ದಾಟಿದರೆ ಕ್ಯಾರೇಜನ್ನು ಇಳಿಯುವ ಜಾಗಕ್ಕೆ ಒಯ್ದು ನಿಲ್ಲಿಸಬೇಕು. ಒಳಗೆ ಒಂದು ಮೆತ್ತನೆ ತೊಟ್ಟಿಲು ಇರಲಿ, ಬಿದ್ದರೂ ಅದರಲ್ಲೇ ಕೂರಬೇಕು.

ಕ್ಯೂಎ ವಿಭಾಗ · ಭಾನುವಾರ, ಸಂಜೆ 6:00

ಆ ತೊಟ್ಟಿಲನ್ನೇ ಮತ್ತೆ ಕೂರಿಸುವ ಜಿಗ್ ಮಾಡಿ. ಬಿಸಿಯಾಗಿ ಮತ್ತೆ ತಣಿಸಿದಾಗ ಬಿಲ್ಲೆಗೆ ಹಳೆಯ ಎತ್ತರ ನೆನಪಿರುವುದಿಲ್ಲ ಅಲ್ವಾ? ಪ್ರತಿ ಸಲ ಅದೇ ಎತ್ತರಕ್ಕೆ ಬಂತು ಅಂತ ತೋರಿಸುವ ಅಳತೆ ಬೇಕು. ದಾಖಲೆ ಇಲ್ಲದಿದ್ದರೆ ನನ್ನಂಥವರು ಸಹಿ ಹಾಕುವುದಿಲ್ಲ.

ಪೀಣ್ಯ ಟೂಲ್‌ರೂಮ್ · ಸೋಮವಾರ, ಬೆಳಿಗ್ಗೆ 6:45

ತೊಟ್ಟಿಲು ನಾನು ಮಾಡುತ್ತೇನೆ. ಪೀಕ್ ಪ್ಲಾಸ್ಟಿಕ್ಕಿನಲ್ಲಿ, ಪೆರಾಕ್ಸೈಡಿಗೆ ತಡೆಯುತ್ತದೆ. ಮೂರು ಕಡೆ ಇಳಿಜಾರು ಕೊಡುತ್ತೇನೆ, ಕ್ಯಾರೇಜ್ ತಾನಾಗಿ ನಡುವಿಗೆ ಬರಬೇಕು. ಕ್ರಯೋಸ್ಟಾಟ್ ಕಿಟಕಿಗೆ ಜಿ-10 ಶೀಟು (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಹಾಕಿ, ಲೋಹ ಬೇಡ. ಅದರ ಧೂಳು ಎದೆಗೆ ಕೆಟ್ಟದ್ದು, ನೀರು ಬಿಟ್ಟುಕೊಂಡೇ ಕತ್ತರಿಸುತ್ತೇವೆ. ಗುರುವಾರ ಡ್ರಾಯಿಂಗ್ ತಗೊಂಡು ಬಾ ತಮ್ಮಾ. ದುಡ್ಡಿನ ಮಾತು ಆಮೇಲೆ.

ಬೊಮ್ಮಸಂದ್ರ ಮೇಂಟೆನೆನ್ಸ್ · ಸೋಮವಾರ, ರಾತ್ರಿ 11:00

ಅಣ್ಣಾ, ಗುರುವಾರ ಬರುತ್ತೇನೆ. ಬರುವಾಗ ಹಳೆಯ ಬೆಲ್ಲೋಸನ್ನೂ ತರುತ್ತೇನೆ, ಆ ಬಿರುಕನ್ನು ನೀವು ನೋಡಬೇಕು.

ಪ್ಲಾಂಟಿನಲ್ಲಿ ಮಾತಾಡಿದೆ. ಮೊದಲು ಲೈನಿನ ಹೊರಗೆ, ಅದೇ ದಪ್ಪದ 316ಎಲ್ ಶೀಟಿನ ಮೇಲೆ ಮೂರು ತಿಂಗಳು ಓಡಿಸಿ ತೋರಿಸಿ ಅಂದಿದ್ದಾರೆ. ಸಾಕು. ಕೂಲರ್ ದಾರಿಯೇ ಹಿಡಿಯುತ್ತೇನೆ, ಕೆಳಗಿನ ಸರ್ವಿಸ್ ಜಾಗ ಬಹಳ ಇಕ್ಕಟ್ಟು, ಅಲ್ಲಿ ನನ್ನ ಹುಡುಗರು ನೈಟ್ರೋಜನ್ ಸುರಿಯುವುದು ನನಗೆ ಬೇಡ. ಆದರೂ ಆಕ್ಸಿಜನ್ ಮೀಟರಿಗೆ ಇಂಡೆಂಟ್ (ಖರೀದಿ ಕೋರಿಕೆ) ಹಾಕಿದ್ದೇನೆ ಕ್ರಯೋ ಸರ್, ಟ್ರಯಲ್ ದಿನ ನೀವು ಬರಬೇಕು.

ವರ್ಷಕ್ಕೊಮ್ಮೆ ಪೂರ್ತಿ ಬಿಸಿ ಮಾಡಿ, ನಿರ್ವಾತ ಮತ್ತೆ ಎಳೆದು, ಎತ್ತರ ಹೊಸದಾಗಿ ಕೂರಿಸಬೇಕು. ಅದಕ್ಕೆ ಆಯುಧ ಪೂಜೆಯ ರಜೆ ಅಂತ ಶೆಡ್ಯೂಲಿನಲ್ಲಿ ಬರೆದಿದ್ದೇನೆ. ಲೈನ್ ಹೇಗೂ ಅವತ್ತು ನಿಂತಿರುತ್ತದೆ. ಪೂಜೆ ಮುಗಿದ ಮಾರನೇ ಬೆಳಿಗ್ಗೆ ಕೂಲರ್ ಆನ್ ಮಾಡಿದರೆ ಶಿಫ್ಟ್ ಶುರುವಾಗುವ ಹೊತ್ತಿಗೆ 80ಕ್ಕೆ ಇಳಿಯುತ್ತದಾ, ಅಥವಾ ಹಿಂದಿನ ರಾತ್ರಿಯೇ ಹಾಕಬೇಕಾ?

ಕ್ರಯೋ ಟೆಕ್ನಿಷಿಯನ್ · ಸೋಮವಾರ, ರಾತ್ರಿ 11:20

ಹಿಂದಿನ ರಾತ್ರಿಯೇ ಹಾಕಿ. ಬಿಲ್ಲೆಗೆ ಅವಸರ ಆಗದು, ಬೇಗ ತಣಿಸಿದರೆ ಸೀಳುತ್ತದೆ. ಕ್ಯಾರೇಜ್ ತೊಟ್ಟಿಲಲ್ಲಿ ಸರಿಯಾಗಿ ಕೂತಿದೆಯಾ ಅಂತ ನೋಡಿಕೊಂಡೇ ಸ್ವಿಚ್ ಒತ್ತಿ.